ರಕ್ತಾರ್ಬುದವೂ ಅದರ ಚಿಕಿತ್ಸೆಯೂ

ಅಸ್ಥಿಗಳ ಗರ್ಭದಲ್ಲಿರುವ ಮಜ್ಜೆಯಲ್ಲಿ ರಕ್ತಕಣಗಳಿಗೆ ಜನ್ಮವೀಯುವ ಕೋಶಗಳ ಪೈಕಿ ಯಾವುದೋ ಒಂದು ತನ್ನ ಬೆಳವಣಿಗೆಯ ಮೇಲಣ ಅಂಕೆಯನ್ನು ಕಳೆದುಕೊಂಡು, ಪಕ್ವವಾಗದೆಯೋ ಅರೆಪಕ್ವವಾಗಿಯೋ ತನ್ನಂತಹವೇ ಆದ ಕೋಶಗಳನ್ನು ಒಂದೇ ಸಮನೆ ಉತ್ಪಾದಿಸುತ್ತ, ಕ್ರಮೇಣ ಮಜ್ಜೆಯನ್ನೆಲ್ಲ ಆಕ್ರಮಿಸಿ, ಅಲ್ಲಿಂದ ರಕ್ತಕ್ಕೂ ಪ್ಲೀಹ ಯಕೃತ್ತು ದುಗ್ಧಗ್ರಂಥಿಗಳಿಗೂ ಹಬ್ಬುವ ವ್ಯಾಧಿಗಳ ಸಮುದಾಯಕ್ಕೆ ರಕ್ತಾರ್ಬುದವೆಂದು ಹೆಸರು. ಲೋಕರೂಢಿಯಲ್ಲಿ ಬ್ಲಡ್ ಕ್ಯಾನ್ಸರ್ ಎಂದೂ ವೈದ್ಯರ ಪರಿಭಾಷೆಯಲ್ಲಿ ಲ್ಯುಕೇಮಿಯಾ ಎಂದೂ ಕರೆಯಲ್ಪಡುವ ಇದು ಒಂದೇ ರೋಗವಲ್ಲ. ಕೆಲವೇ ವಾರಗಳಲ್ಲಿ ಪ್ರಾಣಾಂತಿಕವಾಗಬಲ್ಲ ಬಗೆಗಳೂ, ಹತ್ತು ವರ್ಷ ಮೈಯಲ್ಲಿದ್ದೂ ಹೇಳಿಕೊಳ್ಳುವಂತಹ ಉಪದ್ರವ ಕೊಡದ ಬಗೆಗಳೂ ಈ ಒಂದೇ ಹೆಸರಿನ ಆಶ್ರಯದಲ್ಲಿವೆ. ಈ ಲೇಖನದಲ್ಲಿ ರೋಗದ ಸಾಮಾನ್ಯ ಸ್ವರೂಪವನ್ನು ವಿವರಿಸುವಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯನ್ನು ನಿದರ್ಶನವಾಗಿ ಎದುರಿಗಿಟ್ಟುಕೊಳ್ಳಲಾಗಿದೆ. ರಾಜ್ಯದ ಮುಖ್ಯ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬೆಳಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದಾದಷ್ಟು ಸಮೀಪದಲ್ಲಿರುವ ಈ ಹೋಬಳಿಯಲ್ಲಿಯೂ ರೋಗಿಯ ಭವಿಷ್ಯವನ್ನು ನಿರ್ಣಯಿಸುವುದು ಔಷಧವೊಂದೇ ಅಲ್ಲ. ಮೊದಲ ಜ್ವರಕ್ಕೂ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡುವ ದಿನಕ್ಕೂ ನಡುವಣ ವಿಳಂಬ, ಅನಂತರ ವರ್ಷಗಟ್ಟಲೆ ಮನೆಯಲ್ಲಿಯೇ ನಡೆಯಬೇಕಾದ ಚಿಕಿತ್ಸೆಯ ಅವಿಚ್ಛಿನ್ನತೆ, ಇವೆರಡೂ ಔಷಧದಷ್ಟೇ ಬಲವುಳ್ಳವು.

ವಯಸ್ಕರಲ್ಲಿ ಬೆನ್ನೆಲುಬು, ಎದೆಯೆಲುಬು, ಪಕ್ಕೆಲುಬು, ಸೊಂಟದ ಎಲುಬು ಮೊದಲಾದವುಗಳ ಒಳಗಿರುವ ಕೆಂಪುಮಜ್ಜೆಯು ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪುಕಣಗಳನ್ನು ಹಡೆಯುತ್ತದೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಬಿಳಿಕಣಗಳು 4,000ದಿಂದ 11,000ದವರೆಗೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ಟುಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೂ ಇರುವುದು ಸಹಜ. ರಾಗಿಯ ಒಟ್ಲುಪಾತಿಯಲ್ಲಿ ನಾಟಿಗೆ ಬಾರದ ಬಡಪೈರು ಒತ್ತೊತ್ತಾಗಿ ಎದ್ದು ಒಳ್ಳೆಯ ಪೈರಿಗೆ ನೆಲವನ್ನೇ ಬಿಡದಿರುವಂತೆ, ಮಜ್ಜೆಯಲ್ಲಿ ತುಂಬಿಕೊಂಡ ಅಪಕ್ವ ಕೋಶಗಳು ಮೂರು ಬಗೆಯ ಸಹಜ ಕಣಗಳಿಗೂ ಎಡೆಯಿಲ್ಲದಂತೆ ಮಾಡುತ್ತವೆ; ರೋಗದ ಲಕ್ಷಣಗಳಲ್ಲಿ ಬಹುಪಾಲು ಈ ಎಡೆಯಿಲ್ಲದಿರುವಿಕೆಯಿಂದಲೇ ಹುಟ್ಟತಕ್ಕವು. ಕೆಂಪುಕಣ ಕುಗ್ಗಿದಾಗ ಮುಖ ಬಿಳಿಚಿ ಆಯಾಸವೂ ಏದುಸಿರೂ ತೋರುವುವು. ಪ್ಲೇಟ್‌ಲೆಟ್ಟು ಕುಗ್ಗಿದಾಗ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಒಸರುವುದಲ್ಲದೆ ಚರ್ಮದ ಮೇಲೆ ಸಾಸಿವೆಕಾಳಿನಷ್ಟು ಕೆಂಪು ಚುಕ್ಕೆಗಳೂ ಪೆಟ್ಟು ತಾಗದೆಯೂ ನೀಲಿ ಮಚ್ಚೆಗಳೂ ಮೂಡುವುವು. ಪಕ್ವವಾದ ಬಿಳಿಕಣ ಕುಗ್ಗಿದಾಗ ಜ್ವರ ಬಿಟ್ಟುಬಿಟ್ಟು ಮರುಕಳಿಸುವುದು. ಬಿಳಿಕಣಗಳ ಎಣಿಕೆ ಲಕ್ಷವನ್ನು ದಾಟಿದ ರೋಗಿಯು ಒಂದು ಸಾಮಾನ್ಯ ಸೋಂಕನ್ನು ಎದುರಿಸಲಾರದೆ ಹೋಗುವುದು ಈ ಕಾರಣದಿಂದಲೇ. ಇದಕ್ಕೆ ಪ್ರತಿಯಾಗಿ, ಎಣಿಕೆ ಸಹಜವಾಗಿಯೋ ತೀರ ಕಡಿಮೆಯಾಗಿಯೋ ಇದ್ದು ಮಜ್ಜೆ ಮಾತ್ರ ರೋಗದಿಂದ ತುಂಬಿರುವ ಪ್ರಸಂಗಗಳೂ ಉಂಟಾದಕಾರಣ, ಸಂಖ್ಯೆಯೊಂದನ್ನೇ ನೋಡಿ ನಿಶ್ಚಿಂತರಾಗತಕ್ಕದ್ದಲ್ಲ.

ಈ ರೋಗದ ಆಧುನಿಕ ಇತಿಹಾಸವು 1845ರಲ್ಲಿ ಮೊದಲಾಗುತ್ತದೆ. ಆ ವರ್ಷ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ಟನೂ ಬರ್ಲಿನ್ನಿನ ರುಡಾಲ್ಫ್ ವಿರ್ಕೋನೂ ಒಬ್ಬರ ಕೆಲಸ ಒಬ್ಬರಿಗೆ ತಿಳಿಯದೆ ಇಂತಹ ರೋಗಿಗಳ ಶವಪರೀಕ್ಷೆಯ ವರದಿಗಳನ್ನು ಪ್ರಕಟಿಸಿದರು. ಬೆನೆಟ್ಟನು ಅದನ್ನು ರಕ್ತದಲ್ಲಿಯೇ ಕೀವುಗೂಡಿದ ಸ್ಥಿತಿಯೆಂದು ಭಾವಿಸಿದರೆ, ವಿರ್ಕೋ ಬಿಳಿಕಣಗಳ ಅತಿವೃದ್ಧಿಯೆಂದು ಸರಿಯಾಗಿ ಗ್ರಹಿಸಿ 1847ರಲ್ಲಿ ಲ್ಯುಕೇಮಿಯಾ ಎಂಬ ಹೆಸರನ್ನಿತ್ತನು. ಮಜ್ಜೆಯೇ ಇದರ ಉಗಮಸ್ಥಾನವೆಂದು ಎರ್ನ್‌ಸ್ಟ್ ನಾಯ್‌ಮನ್ 1870ರಲ್ಲಿ ತೋರಿಸಿದನು. ಪೌಲ್ ಎರ್ಲಿಖನ ವರ್ಣಲೇಪನ ವಿಧಾನಗಳು ಬಂದ ಮೇಲೆ ಒಂದು ಬಗೆಯ ಬಿಳಿಕಣವನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದು ಸಾಧ್ಯವಾಯಿತು.

ರೋಗದ ವೇಗವನ್ನನುಸರಿಸಿ ತೀವ್ರ ಮತ್ತು ದೀರ್ಘಕಾಲೀನವೆಂದೂ, ಕೋಶದ ಕುಲವನ್ನನುಸರಿಸಿ ಲಿಂಫಾಯ್ಡ್ ಮತ್ತು ಮೈಲಾಯ್ಡ್ ಎಂದೂ ವಿಭಾಗಿಸಿದರೆ ನಾಲ್ಕು ಮುಖ್ಯ ಪ್ರಭೇದಗಳಾಗುತ್ತವೆ. ತೀವ್ರ ಲಿಂಫಾಯ್ಡ್ ರಕ್ತಾರ್ಬುದವು ಬಾಲ್ಯದ ಕ್ಯಾನ್ಸರುಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದದ್ದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ತೀವ್ರ ಮೈಲಾಯ್ಡ್ ಎಲ್ಲ ವಯಸ್ಸಿನಲ್ಲಿಯೂ ಬರುತ್ತದೆಯಾದರೂ ವಯಸ್ಸಿನೊಡನೆ ಏರುತ್ತದೆ. ದೀರ್ಘಕಾಲೀನ ಮೈಲಾಯ್ಡ್ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ಅರವತ್ತರ ಆಸುಪಾಸಿನವರ ಕಾಯಿಲೆಯೆನಿಸಿದ್ದರೆ, ನಮ್ಮ ದೇಶದಲ್ಲಿ ದುಡಿದು ಸಂಸಾರ ನಡೆಸುವ ಪ್ರಾಯದವರಲ್ಲಿ, ಮೂವತ್ತು ನಲವತ್ತರ ವಯಸ್ಸಿನವರಲ್ಲಿಯೇ, ವಿಶೇಷವಾಗಿ ಕಾಣಬರುತ್ತದೆ. ದೀರ್ಘಕಾಲೀನ ಲಿಂಫಾಯ್ಡ್ ವೃದ್ಧರ ರೋಗ. ಯೂರೋಪು ಅಮೆರಿಕಗಳಲ್ಲಿ ಧಾರಾಳವಾಗಿರುವ ಇದು ಭಾರತದಲ್ಲಿ ವಿರಳ.

ಕಾರಣದ ವಿಷಯದಲ್ಲಿ ಹೇಳಬಹುದಾದದ್ದು ಸ್ವಲ್ಪವೇ. 1945ರ ಬಳಿಕ ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕಿ ಉಳಿದವರಲ್ಲಿ ಈ ರೋಗ ಹೆಚ್ಚಿದ್ದರಿಂದ ವಿಕಿರಣವು ಒಂದು ಹೇತುವೆಂಬುದು ಸ್ಥಿರಪಟ್ಟಿದೆ. ಬೆಂಜೀನಿನ ಆವಿ, ಹಿಂದೆ ಬೇರೊಂದು ಕ್ಯಾನ್ಸರಿಗಾಗಿ ಪಡೆದ ಕೆಲವು ಔಷಧಗಳು, ಡೌನ್ ಸಿಂಡ್ರೋಮಿನಂತಹ ಕೆಲವು ಆಜನ್ಮ ಸ್ಥಿತಿಗಳು ಇತರ ಹೇತುಗಳು. ಹೊಸಕೋಟೆ ಸೀಮೆಯ ದೇವನಗೊಂದಿಯಲ್ಲಿ ತೈಲ ಕಂಪೆನಿಗಳ ಸಂಗ್ರಹಾಗಾರಗಳಿರುವುದರಿಂದ ಬೆಂಜೀನಿನ ಪ್ರಸ್ತಾಪ ಇಲ್ಲಿ ಅಪ್ರಕೃತವಲ್ಲ. ಪೆಟ್ರೋಲಿನಲ್ಲಿ ಅದರ ಪ್ರಮಾಣ ಶೇಕಡ 1ನ್ನು ಮೀರಕೂಡದೆಂಬುದು ಭಾರತದ ಮಾನದಂಡ. ಅಪಾಯವಾದರೋ ವರ್ಷಗಟ್ಟಲೆ ನಿತ್ಯವೂ ಆ ಆವಿಯನ್ನು ಉಸಿರಾಡುವ ಕೆಲಸಗಾರನಿಗೆ ಸಂಬಂಧಿಸಿದ್ದು. ಊರಿನಲ್ಲಿ ಒಬ್ಬರಿಗೆ ರೋಗ ಬಂದೊಡನೆ ತೈಲಾಗಾರದ ಮೇಲೆ ಬೆರಳು ತೋರುವುದಕ್ಕೆ ಶಾಸ್ತ್ರದ ಆಧಾರ ಸಾಲದು. ಬಹುಮಂದಿ ರೋಗಿಗಳಲ್ಲಿ ಹೊರಗಿನ ಯಾವ ಕಾರಣವೂ ಸಿಕ್ಕುವುದಿಲ್ಲ. ಇದು ಅಂಟುಜಾಡ್ಯವಲ್ಲ, ತಾಯಿಯ ಪಥ್ಯದೋಷದಿಂದ ಬಂದದ್ದಲ್ಲ, ಸಾಮಾನ್ಯವಾಗಿ ವಂಶಪಾರಂಪರ್ಯವೂ ಅಲ್ಲ. ಇಷ್ಟನ್ನು ಮೊದಲ ದಿನವೇ ಮನೆಯವರಿಗೆ ತಿಳಿಯಹೇಳುವ ವೈದ್ಯನು ಔಷಧಕ್ಕೆ ಮುಂಚೆಯೇ ಅರ್ಧ ಉಪಕಾರ ಮಾಡಿದಂತಾಯಿತು.

ರೋಗವನ್ನು ಕಂಡುಹಿಡಿಯುವುದರಲ್ಲಿ ವಿಳಂಬ ಹೇಗೆ ಸಂಭವಿಸುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಹೋಬಳಿಯ ಹಳ್ಳಿಯೊಂದರಲ್ಲಿ ಮಗುವಿಗೆ ಜ್ವರ ಬಂದಿತೆಂದರೆ ಮೊದಲ ಯೋಚನೆ ಡೆಂಗಿಯದು. ಪ್ಲೇಟ್‌ಲೆಟ್ಟು ಎಂಬ ಮಾತನ್ನು ಕರ್ನಾಟಕದ ಮನೆಮನೆಗೂ ಪರಿಚಯಿಸಿದ್ದು ಆ ಜ್ವರವೇ ಸರಿ. ಆದರೆ ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ಟು ಕೆಲವೇ ದಿನಗಳಲ್ಲಿ ತಾನಾಗಿ ಏರುತ್ತದೆ. ಏರದೆ ಹೋದರೆ, ಅದರೊಡನೆ ಹಿಮೋಗ್ಲೋಬಿನ್ನೂ ಇಳಿಯುತ್ತ ಹೋದರೆ, ಕುತ್ತಿಗೆಯಲ್ಲಿ ಗಂಟುಗಳೋ ಹೊಟ್ಟೆಯ ಎಡಭಾಗದಲ್ಲಿ ಗಡಸು ಭಾರವೋ ತೋರಿದರೆ, ಯಂತ್ರದ ಎಣಿಕೆಗೆ ತೃಪ್ತರಾಗದೆ ರಕ್ತದ ಲೇಪವನ್ನು ಗಾಜಿನ ಮೇಲೆ ಎಳೆದು ನುರಿತವರ ಕಣ್ಣಿಗೆ ತೋರಿಸಬೇಕು. ಮಗು ನಡೆಯಲೊಲ್ಲದೆ ಎತ್ತಿಕೋ ಎಂದು ಹಟ ಮಾಡುವುದು ಮಜ್ಜೆ ತುಂಬಿದ ಎಲುಬಿನ ನೋವಿನಿಂದಲೂ ಇರಬಹುದು. ಬಿಳಿಚಿದ ಮೈಯನ್ನು ಕಾಮಾಲೆಯೆಂದು ಬಗೆದು ನಾಟಿ ಔಷಧಕ್ಕೆ ಕರೆದೊಯ್ಯುವುದೂ ಉಂಟು. ಆದರೆ ಅದಕ್ಕಿಂತ ಹೆಚ್ಚು ಹಾನಿಕರವಾದದ್ದು, ಕೀಲುನೋವೆಂದೋ ಜ್ವರವೆಂದೋ ಪರೀಕ್ಷೆಯಿಲ್ಲದೆ ಕೊಡುವ ಸ್ಟೆರಾಯ್ಡು. ಲಿಂಫಾಯ್ಡ್ ರಕ್ತಾರ್ಬುದಕ್ಕೆ ಸ್ಟೆರಾಯ್ಡು ನಿಜವಾಗಿಯೂ ಔಷಧಗಳಲ್ಲೊಂದಾದ್ದರಿಂದ, ನಾಲ್ಕು ದಿನ ಕೊಟ್ಟೊಡನೆ ಜ್ವರ ಇಳಿದು, ನೋವು ಹೋಗಿ, ಮಗು ಎದ್ದು ಆಡತೊಡಗುತ್ತದೆ. ರೋಗಕೋಶಗಳು ಅಲ್ಪಕಾಲ ಮರೆಯಾಗುವುದರಿಂದ ಮುಂದೆ ಪರೀಕ್ಷೆ ಮಾಡಿದರೂ ಚಿತ್ರ ಕದಡಿರುತ್ತದೆ. ವಾರಗಳ ಬಳಿಕ ರೋಗ ಮರಳುವಾಗ ಔಷಧಕ್ಕೆ ಬಗ್ಗದ ಕೋಶಗಳು ಉಳಿದಿರಬಹುದು. ವಯಸ್ಕರಲ್ಲಿ ಹಲ್ಲು ಕೀಳಿಸಿದ ಮೇಲೆ ನಿಲ್ಲದ ರಕ್ತಸ್ರಾವ, ಕಾರಣವಿಲ್ಲದೆ ಊದಿದ ಒಸಡು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇವು ಗಮನಾರ್ಹವಾದ ಸೂಚನೆಗಳು. ಇಷ್ಟಕ್ಕೂ ಬೇಕಾದದ್ದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಗತಕ್ಕ ಸಾಮಾನ್ಯ ರಕ್ತಪರೀಕ್ಷೆ. ಅದನ್ನು ಮೂರನೆಯ ವಾರಕ್ಕೆ ಮುಂದೂಡದೆ ಮೊದಲನೆಯ ವಾರದಲ್ಲಿಯೇ ಮಾಡಿಸಬೇಕಾದದ್ದು ಮಾತ್ರ ಮುಖ್ಯ.

ಸಂದೇಹ ಬಂದ ಮೇಲೆ ಸೊಂಟದ ಹಿಂಬದಿಯ ಎಲುಬಿಗೆ ಮರಗಟ್ಟಿಸುವ ಔಷಧ ಕೊಟ್ಟು ಸೂಜಿಯಿಂದ ಮಜ್ಜೆಯನ್ನು ತೆಗೆಯುತ್ತಾರೆ. ಅಪಕ್ವ ಕೋಶಗಳು ಸಾಮಾನ್ಯವಾಗಿ ಶೇಕಡ 20ಕ್ಕೆ ಕಡಿಮೆಯಿಲ್ಲದೆ ಇದ್ದರೆ ತೀವ್ರ ರಕ್ತಾರ್ಬುದವೆಂದು ನಿರ್ಣಯ. ಫ್ಲೋ ಸೈಟೋಮೆಟ್ರಿಯು ಕೋಶದ ಕುಲವನ್ನೂ, ವರ್ಣತಂತುಗಳ ಪರೀಕ್ಷೆಯು ರೋಗದ ಉಗ್ರತೆಯನ್ನೂ ತಿಳಿಸುತ್ತವೆ. ಈ ಎರಡು ಪರೀಕ್ಷೆಗಳಿಗೆ ಮುಂಚೆ ಔಷಧವನ್ನು ಆರಂಭಿಸುವುದು, ಪ್ರಾಣಾಪಾಯದ ತುರ್ತು ಇಲ್ಲದಿದ್ದಲ್ಲಿ, ಯುಕ್ತವಲ್ಲ.

ಚಿಕಿತ್ಸೆಯ ಕಥೆಯಲ್ಲಿ ಭಾರತದ ಎರಡು ಎಳೆಗಳು ಹೆಣೆದುಕೊಂಡಿವೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಅಲ್ಲಿನ ಬಟ್ಟೆಗಿರಣಿಗಳ ಗರ್ಭಿಣಿ ಕೆಲಸಗಾರ್ತಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಗೊತ್ತಾಯಿತು. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಅಮೆರಿಕಕ್ಕೆ ತೆರಳಿದ್ದ ಎಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲಿ ಸಂಸ್ಥೆಯ ಸಂಶೋಧನಾಲಯವನ್ನು ನಡೆಸುತ್ತಿದ್ದಾಗ, ಅವರ ತಂಡವು ಫೋಲಿಕ್ ಆಮ್ಲವನ್ನೂ ಅದರ ಕೆಲಸಕ್ಕೆ ಅಡ್ಡಬರುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನೂ ತಯಾರಿಸಿತು. ಬೇಗ ಬೇಗ ವಿಭಾಗವಾಗುವ ಕೋಶಕ್ಕೆ ಫೋಲಿಕ್ ಆಮ್ಲ ಅತ್ಯಾವಶ್ಯಕವಾದ್ದರಿಂದ ಅದನ್ನು ತಪ್ಪಿಸಿದರೆ ರೋಗಕೋಶ ಸಾಯಬೇಕೆಂದು ತರ್ಕಿಸಿದ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ತೀವ್ರ ರಕ್ತಾರ್ಬುದದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು, ಅವರಲ್ಲಿ 10 ಮಂದಿ ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡುದನ್ನು 1948ರ ಜೂನಿನಲ್ಲಿ ವರದಿ ಮಾಡಿದನು. ಸುಬ್ಬರಾವ್ ಅವರು ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ಅಮಿನಾಪ್ಟೆರಿನ್ನಿನ ಸೋದರ ವಸ್ತುವಾದ ಮೆಥೊಟ್ರೆಕ್ಸೇಟನ್ನು ಇಂದಿಗೂ ಪ್ರತಿ ವಾರ ನುಂಗುವ ನಮ್ಮ ಮಕ್ಕಳ ತಾಯ್ತಂದೆಯರಿಗೆ ಸುಬ್ಬರಾವ್ ಅವರ ಹೆಸರು ಅಪರಿಚಿತವಾಗಿ ಉಳಿದಿರುವುದು ನಮ್ಮ ಪಠ್ಯಪುಸ್ತಕಗಳಿಗೆ ಶೋಭೆ ತರುವ ಸಂಗತಿಯಲ್ಲ.

ಒಂದೊಂದೇ ಔಷಧವು ರೋಗವನ್ನು ಕೆಲವು ತಿಂಗಳು ಮಾತ್ರ ಹಿಂದೂಡುತ್ತಿದ್ದುದರಿಂದ, 1960ರ ದಶಕದಲ್ಲಿ ಹಲವನ್ನು ಒಟ್ಟಿಗೆ ಪ್ರಯೋಗಿಸುವ ಕ್ರಮ ಬಂದಿತು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ತಯಾರಿಸಿದ 6-ಮರ್ಕ್ಯಾಪ್ಟೊಪ್ಯೂರಿನ್, ನಮ್ಮ ಹಿತ್ತಿಲುಗಳಲ್ಲಿ ಕೇಳುವವರಿಲ್ಲದೆ ಅರಳುವ ನಿತ್ಯಪುಷ್ಪದ ಗಿಡದಿಂದ ಪಡೆದ ವಿನ್‌ಕ್ರಿಸ್ಟೀನ್, ಬ್ಯಾಕ್ಟೀರಿಯಾದಿಂದ ಪಡೆದ ಆಸ್ಪರಾಜಿನೇಸ್, ಇವು ಒಂದೊಂದಾಗಿ ಸೇರಿಕೊಂಡುವು. (ಹೂವಿನಿಂದ ಬಂದ ಔಷಧವೆಂದು ಗಿಡದ ಎಲೆಯನ್ನೇ ಅರೆದು ಕುಡಿಯುವುದು ಅಪಾಯಕರ, ಒಂದು ಟನ್ನು ಒಣ ಎಲೆಯಿಂದಲೂ ವಿನ್‌ಕ್ರಿಸ್ಟೀನ್ ದೊರೆಯುವುದು ಅತ್ಯಲ್ಪ, ಉಳಿದದ್ದು ಬೇರೆ ವಿಷಗಳು.) ಮೆದುಳು ಬೆನ್ನುಹುರಿಗಳ ಸುತ್ತಣ ದ್ರವಕ್ಕೆ ಈ ಔಷಧಗಳು ಸರಿಯಾಗಿ ಪ್ರವೇಶಿಸದಿರುವುದರಿಂದ ಅಲ್ಲಿ ಅಡಗಿದ ಕೋಶಗಳೇ ರೋಗವನ್ನು ಮರಳಿಸುತ್ತವೆಂದು ಅರಿತು, ಮೆಂಫಿಸ್ಸಿನ ಡೊನಾಲ್ಡ್ ಪಿಂಕೆಲ್ ಆ ಸ್ಥಾನಕ್ಕೂ ಚಿಕಿತ್ಸೆಯನ್ನು ಸೇರಿಸಿದ ಮೇಲೆ, ತೀವ್ರ ಲಿಂಫಾಯ್ಡ್ ಪ್ರಭೇದದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಶಾಶ್ವತವಾಗಿ ಗುಣಹೊಂದತೊಡಗಿದರು. ಇಂದು ಸಂಪನ್ನ ದೇಶಗಳಲ್ಲಿ ಆ ಪ್ರಮಾಣ ಶೇಕಡ 90ರ ಸಮೀಪದಲ್ಲಿದೆ.

ಈ ಪ್ರಭೇದದ ಚಿಕಿತ್ಸೆಯ ಈಗಿನ ಕ್ರಮದಲ್ಲಿ ಮೊದಲ ನಾಲ್ಕೈದು ವಾರ ಸ್ಟೆರಾಯ್ಡು, ವಿನ್‌ಕ್ರಿಸ್ಟೀನ್, ಆಸ್ಪರಾಜಿನೇಸ್ ಮುಂತಾದವುಗಳಿಂದ ರೋಗವನ್ನು ಉಪಶಮನ ಮಾಡುತ್ತಾರೆ. ಬೆನ್ನಿಗೆ ಸೂಜಿ ಚುಚ್ಚಿ ಮೆಥೊಟ್ರೆಕ್ಸೇಟನ್ನು ಬೆನ್ನುಹುರಿಯ ದ್ರವಕ್ಕೆ ಸೇರಿಸುವುದೂ ಆಗಲೇ ಮೊದಲಾಗುತ್ತದೆ. ಅನಂತರ ಕೆಲವು ತಿಂಗಳ ದೃಢೀಕರಣ. ಆಮೇಲೆ ಒಟ್ಟು ಎರಡು ಎರಡೂವರೆ ವರ್ಷ ತುಂಬುವವರೆಗೆ, ದಿನವೂ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಈ ಕೊನೆಯ ಘಟ್ಟದಲ್ಲಿಯೇ ಹಳ್ಳಿಯ ಕುಟುಂಬ ಎಡವುವುದು ಹೆಚ್ಚು. ರೋಗನಿರ್ಣಯದ ದಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕೋಶಗಳಿದ್ದರೆ, ತಿಂಗಳ ಚಿಕಿತ್ಸೆಯ ಬಳಿಕ ಸೂಕ್ಷ್ಮದರ್ಶಕಕ್ಕೆ ಮಜ್ಜೆ ಶುದ್ಧವಾಗಿ ಕಂಡಾಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಆದರೆ ಮಗು ಆಗ ಉಂಡು ಆಡಿ ಲವಲವಿಕೆಯಿಂದಿರುತ್ತದೆ, ಕೂದಲು ಮರಳಿ ಬರುತ್ತದೆ, ಅತ್ತ ಕೂಲಿ ಕೆಟ್ಟಿರುತ್ತದೆ, ಮನೆಯಲ್ಲಿ ಉಳಿದ ಮಕ್ಕಳು ಅಜ್ಜಿಯ ಪಾಲಾಗಿರುತ್ತಾರೆ. ಗುಣವಾಯಿತಲ್ಲ ಎಂದು ಒಂದು ಭೇಟಿ ತಪ್ಪುತ್ತದೆ, ಆಮೇಲೆ ಎರಡು. ರಕ್ತದಲ್ಲಿ ಹತ್ತು ಸಾವಿರಕ್ಕೊಂದು ರೋಗಕೋಶವಿದ್ದರೂ ಪತ್ತೆಹಚ್ಚುವ ಪರೀಕ್ಷೆಗಳು ಬಂದಿರುವ ಈ ಕಾಲದಲ್ಲಿ, ಚಿಕಿತ್ಸೆಯನ್ನು ನಡುವೆ ಕೈಬಿಡುವುದು ಭಾರತದ ಮಕ್ಕಳ ರಕ್ತಾರ್ಬುದದಲ್ಲಿ ಸೋಲಿನ ಮುಖ್ಯ ಕಾರಣಗಳಲ್ಲೊಂದಾಗಿಯೇ ಉಳಿದಿದೆ.

ಮನೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು ಕೆಲವಿವೆ. ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನದ ಮಾತ್ರೆ. ಆ ದಿನದ ಹೆಸರನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡುವುದು ಲೇಸು, ಏಕೆಂದರೆ ತಪ್ಪಿ ನಿತ್ಯವೂ ನುಂಗಿಸಿದರೆ ಮಜ್ಜೆಯೇ ನಾಶವಾಗಿ ಪ್ರಾಣಕ್ಕೆ ಕುತ್ತು ಬರುವುದು. ಬಿಳಿಕಣ ಕುಗ್ಗಿರುವಾಗ 100.4 ಡಿಗ್ರಿ ಜ್ವರವೆಂದರೆ ಬೆಳಗಾಗಲೆಂದು ಕಾಯುವ ಜ್ವರವಲ್ಲ; ಆ ಗಂಟೆಯಲ್ಲಿಯೇ ಆಸ್ಪತ್ರೆಗೆ ಹೊರಡಬೇಕು. ಕುದಿಸಿದ ನೀರು, ಆಗತಾನೆ ಬೇಯಿಸಿದ ಅನ್ನ ಮುದ್ದೆ ಸಾರುಗಳು ಒಳ್ಳೆಯ ಆಹಾರ. ಹಸಿ ಹಾಲು ಕೂಡದು. ನೆರೆಮನೆಯಲ್ಲಿ ಯಾರಿಗಾದರೂ ಅಮ್ಮ ಬಂದು, ಎಂದರೆ ಸೀತಾಳೆ ಸಿಡುಬು ಎದ್ದು, ಮಗುವಿಗೆ ಅದರ ಸಂಪರ್ಕವಾದರೆ, ಬೇವಿನ ಸೊಪ್ಪಿನ ಉಪಚಾರಕ್ಕೆ ನಿಲ್ಲದೆ ಗುಳ್ಳೆ ಕಾಣುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆ ನಡೆಯುತ್ತಿರುವಾಗ ಜೀವಂತ ರೋಗಾಣುಗಳಿಂದ ಮಾಡಿದ ಲಸಿಕೆಗಳನ್ನು ಹಾಕಿಸತಕ್ಕದ್ದಲ್ಲ.

ತೀವ್ರ ಮೈಲಾಯ್ಡ್ ಪ್ರಭೇದದ ಚಿಕಿತ್ಸೆ ಕಾಲಾವಧಿಯಲ್ಲಿ ಕಿರಿದು, ಕಠೋರತೆಯಲ್ಲಿ ಹಿರಿದು. ಏಳು ದಿನ ಸೈಟರಾಬೀನ್, ಮೂರು ದಿನ ಡೌನೊರುಬಿಸಿನ್ ಎಂಬ 1970ರ ದಶಕದ ಸೂತ್ರವೇ ಇಂದಿಗೂ ಆಧಾರಸ್ತಂಭ. ಅದನ್ನು ತಾಳಲಾರದ ವೃದ್ಧರಿಗೆ ಅಜಾಸಿಟಿಡೀನ್ ಮತ್ತು ವೆನೆಟೊಕ್ಲಾಕ್ಸ್. ಇದರ ಒಂದು ಉಪಭೇದವಾದ ಪ್ರೊಮೈಲೊಸೈಟಿಕ್ ರಕ್ತಾರ್ಬುದವು ಹಿಂದೆ ರಕ್ತಸ್ರಾವದಿಂದ ಅತಿಶೀಘ್ರವಾಗಿ ಕೊಲ್ಲುತ್ತಿದ್ದದ್ದು. ಶಾಂಘೈನ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಎ ಜೀವಸತ್ತ್ವದಿಂದ ಪಡೆದ ಟ್ರೆಟಿನಾಯಿನನ್ನೂ, ಹಾರ್ಬಿನ್ನಿನ ವೈದ್ಯರು ಪಾಷಾಣವನ್ನೂ ಪ್ರಯೋಗಿಸಿದ ಮೇಲೆ, ಮೊದಲ ವಾರಗಳ ಗಂಡಾಂತರವನ್ನು ದಾಟಿದವರಲ್ಲಿ ಬಹುತೇಕ ಎಲ್ಲರೂ ಗುಣಹೊಂದುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಕ್ತಾರ್ಬುದಕ್ಕೆ ಕೊಡುತ್ತಿದ್ದ ಪಾಷಾಣದ ದ್ರಾವಣವನ್ನು ಹಳೆಯ ಕಾಲದ ಅಜ್ಞಾನವೆಂದು ಬದಿಗಿಟ್ಟಿದ್ದ ವೈದ್ಯಶಾಸ್ತ್ರವು ಅದನ್ನೇ ಮತ್ತೆ ಮರ್ಯಾದೆಯಿಂದ ಒಳಗೆ ಕರೆದುಕೊಳ್ಳಬೇಕಾಯಿತು.

ದೀರ್ಘಕಾಲೀನ ಮೈಲಾಯ್ಡ್ ಪ್ರಭೇದದಲ್ಲಿ ಆದ ಕ್ರಾಂತಿ ಇದಕ್ಕಿಂತಲೂ ಆಶ್ಚರ್ಯಕರವಾದದ್ದು. 1960ರಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಫಿಲಡೆಲ್ಫಿಯಾ ನಗರದಲ್ಲಿ ಈ ರೋಗಿಗಳ ಕೋಶಗಳಲ್ಲಿ ಒಂದು ಮೊಟಕು ವರ್ಣತಂತುವನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಪರಸ್ಪರ ಸ್ಥಳ ಬದಲಾಯಿಸಿಕೊಳ್ಳುವುದೇ ಅದಕ್ಕೆ ಕಾರಣವೆಂದು ಜಾನೆಟ್ ರೌಲಿ 1973ರಲ್ಲಿ ತೋರಿಸಿದಳು. ಆ ಬೆಸುಗೆಯಿಂದ ಹುಟ್ಟುವ ದುಷ್ಟ ಕಿಣ್ವವನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದ ಅನುಮತಿ ದೊರೆತು, ಐದಾರು ವರ್ಷದ ಆಯುಸ್ಸು ಉಳಿದಿದ್ದವರು ದಿನಕ್ಕೊಂದು ಮಾತ್ರೆ ನುಂಗಿ ಸಹಜಾಯುಸ್ಸಿನ ಸಮೀಪಕ್ಕೆ ಬದುಕುವಂತಾಯಿತು. ನಮ್ಮಲ್ಲಿ ಅದರ ಕಥೆ ನ್ಯಾಯಾಲಯದ ಮೂಲಕ ಸಾಗಿತು. ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಗೆ ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆ ಔಷಧಕ್ಕೆ ನೋವಾರ್ಟಿಸ್ ಸಂಸ್ಥೆ ಕೋರಿದ್ದ ಪೇಟೆಂಟನ್ನು 2006ರಲ್ಲಿ ಚೆನ್ನೈನ ಕಚೇರಿಯೂ, 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವೂ ನಿರಾಕರಿಸಿದುವು. ಭಾರತೀಯ ಕಂಪೆನಿಗಳ ಅದೇ ಔಷಧ ಆಗಲೇ 8,000ದಿಂದ 10,000 ರೂಪಾಯಿಗೆ ದೊರೆಯುತ್ತಿದ್ದು, ಮುಂದೆ ಇನ್ನೂ ಅಗ್ಗವಾಯಿತು. ನೋವಾರ್ಟಿಸ್ ತನ್ನ ಔಷಧವನ್ನು ಸಹಸ್ರಾರು ಭಾರತೀಯ ರೋಗಿಗಳಿಗೆ ಉಚಿತವಾಗಿ ಹಂಚುತ್ತಿದ್ದುದನ್ನೂ ಇಲ್ಲಿ ಹೇಳದಿದ್ದರೆ ಪಕ್ಷಪಾತವಾದೀತು. ಮಾತ್ರೆಯನ್ನು ತಾವಾಗಿ ಬಿಡುವುದು ಮಾತ್ರ ಈ ರೋಗದಲ್ಲಿಯೂ ಅನರ್ಥಕ್ಕೆ ದಾರಿ.

ದೀರ್ಘಕಾಲೀನ ಲಿಂಫಾಯ್ಡ್ ಪ್ರಭೇದದವರಲ್ಲಿ ಅನೇಕರಿಗೆ ವರ್ಷಗಳವರೆಗೆ ಔಷಧವೇ ಬೇಡ. ಬೇಕಾದಾಗ ಇಬ್ರುಟಿನಿಬ್‌ನಂತಹ ಮಾತ್ರೆಗಳಿವೆ.

ಔಷಧಕ್ಕೆ ಬಗ್ಗದ ಅಥವಾ ಮರುಕಳಿಸಿದ ರೋಗಕ್ಕೆ ಅನೇಕ ವೇಳೆ ಮಜ್ಜೆಯ ಕಸಿಯೇ ಗತಿ. ಡೊನಾಲ್ ಥಾಮಸ್ 1957ರಲ್ಲಿ ಆರಂಭಿಸಿದ, 1990ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವನ್ನು ತಂದಿತ್ತ ಈ ವಿಧಾನವು ಭಾರತದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ, 1986ರಲ್ಲಿ ವೆಲ್ಲೂರಿನಲ್ಲಿಯೂ ಕಾಲಿಟ್ಟಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಒಡಹುಟ್ಟಿದ ಒಬ್ಬರ ಅಂಗಾಂಶ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು ಪಾಲು. ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಕ್ಕಳನ್ನು ತರುವ ವಾಡಿಕೆಯ ನಮ್ಮ ಕಡೆಯ ಕುಟುಂಬಗಳಲ್ಲಿ ದಾಯಾದಿಗಳ ನಡುವೆಯೂ ಹೊಂದಾಣಿಕೆ ಸಿಕ್ಕುವ ಸಂಭವ ಹೆಚ್ಚಾದ್ದರಿಂದ ಹುಡುಕಾಟವನ್ನು ವಿಸ್ತರಿಸುವುದು ವಿಹಿತ. ತಂದೆ ತಾಯಿಗಳ ಅರೆಹೊಂದಿಕೆಯ ಮಜ್ಜೆಯೂ ಈಗ ಬಳಕೆಯಾಗುತ್ತಿದೆ. ಹೊರಗಿನ ದಾನಿಗಳ ಪಟ್ಟಿಯನ್ನು ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನವೂ ಇಟ್ಟಿದೆ. ರೋಗಿಯ ಸ್ವಂತ ಟಿ-ಕೋಶಗಳನ್ನೇ ತಿದ್ದಿ ರೋಗದ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯಲ್ಲಿ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಸರ್ಕಾರದ ಅನುಮತಿ ದೊರೆಯಿತು. ವಿದೇಶದ ಬೆಲೆಗೆ ಹೋಲಿಸಿದರೆ ಅತ್ಯಲ್ಪವಾದರೂ ಅದು ಇನ್ನೂ ರಾಗಿ ಬೆಳೆಯುವವನ ಕೈಗೆ ಎಟಕುವಂತಹದಲ್ಲ.

ಅನುಗೊಂಡನಹಳ್ಳಿಯ ರೋಗಿಗೆ ಸಾಮಾನ್ಯವಾಗಿ ತೋರುವ ದಾರಿ ಹೊಸಕೋಟೆಯ ಮೂಲಕವೋ, ಕಾಡುಗೋಡಿಯ ಮೆಟ್ರೊ ನಿಲ್ದಾಣದ ಮೂಲಕವೋ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುತ್ತದೆ. ಕೇಂದ್ರದ ಮಂತ್ರಿಗಳಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಸ್ಥಾಪಿತವಾಗಿ 1980ರಲ್ಲಿ ಸ್ವಾಯತ್ತತೆ ಪಡೆದ ಈ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವೂ, ದೂರದಿಂದ ಬಂದವರು ತಂಗಲು ಧರ್ಮಶಾಲೆಯೂ ಇವೆ. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಕೇಂದ್ರಗಳ ಪೈಕಿ ಒಂದು 1982ರಿಂದ ಇಲ್ಲಿಯೇ ನಡೆಯುತ್ತಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಇತರರಿಗೆ ಒಂದೂವರೆ ಲಕ್ಷದ ಮಿತಿಯೊಳಗೆ ನಿಗದಿತ ದರದ ಶೇಕಡ 30ರಷ್ಟು ನೆರವು. ಬಸ್ಸಿನ ಖರ್ಚು, ತಪ್ಪಿದ ಕೂಲಿ, ರಕ್ತ ಕೊಡುವವರನ್ನು ಹುಡುಕುವ ಅಲೆದಾಟ, ಇವು ಯಾವ ಯೋಜನೆಯ ಲೆಕ್ಕಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ. ಚಿಕಿತ್ಸೆ ಮುರಿದುಬೀಳುವುದು ಬಹಳ ಮಟ್ಟಿಗೆ ಇವುಗಳಿಂದಲೇ. ಆಸ್ಪತ್ರೆಯವರು ಬರೆದುಕೊಟ್ಟ ಕ್ರಮದಂತೆ ವಾರದ ರಕ್ತಪರೀಕ್ಷೆಯನ್ನು ತಾಲ್ಲೂಕಿನಲ್ಲಿಯೇ ಮಾಡಿಸಿ ಎಣಿಕೆಯನ್ನು ಫೋನಿನಲ್ಲಿ ತಿಳಿಸಿ ಮಾತ್ರೆಯ ಪ್ರಮಾಣವನ್ನು ಕೇಳಿಕೊಳ್ಳುವ ಏರ್ಪಾಡು ಇರುವಲ್ಲಿ ಈ ಅಲೆದಾಟ ಅರ್ಧಕ್ಕೆ ಇಳಿಯುತ್ತದೆ. ಆಶಾ ಕಾರ್ಯಕರ್ತೆಯೊಬ್ಬಳಿಗೆ ಮಗುವಿನ ಮುಂದಿನ ಭೇಟಿಯ ದಿನ ಗೊತ್ತಿದ್ದರೆ, ತಪ್ಪಿದ ಭೇಟಿ ಆ ವಾರದಲ್ಲಿಯೇ ಬೆಳಕಿಗೆ ಬರುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ರೋಗ ಮರಳುವ ಭಯ ಹೆಚ್ಚಾದ್ದರಿಂದ ಪರೀಕ್ಷೆಗಳು ಒತ್ತೊತ್ತಾಗಿಯೂ, ಆಮೇಲೆ ವಿರಳವಾಗಿಯೂ ನಡೆಯುತ್ತವೆ. ಕೆಲವು ತಿಂಗಳ ಬಳಿಕ ತಪ್ಪಿಹೋಗಿದ್ದ ಲಸಿಕೆಗಳನ್ನು ಮತ್ತೆ ಹಾಕಿಸಬೇಕು. ಡೌನೊರುಬಿಸಿನ್ ಪಡೆದವರ ಹೃದಯವನ್ನೂ, ಸ್ಟೆರಾಯ್ಡು ಪಡೆದವರ ಸೊಂಟದ ಕೀಲನ್ನೂ ಆಗಾಗ್ಗೆ ನೋಡುತ್ತಿರಬೇಕು. ಮಗು ಚಿಕಿತ್ಸೆಯ ಕೊನೆಯ ಘಟ್ಟದಲ್ಲಿರುವಾಗಲೇ ಶಾಲೆಗೆ ಹೋಗಲು ಅಡ್ಡಿಯಿಲ್ಲ. ಜೊತೆಯ ಮಕ್ಕಳಿಗೆ ಅದರಿಂದ ಏನೂ ಅಂಟುವುದಿಲ್ಲವೆಂದು ಮೇಷ್ಟರಿಗೆ ಆಸ್ಪತ್ರೆಯಿಂದ ಒಂದು ಪತ್ರ ತಂದುಕೊಡುವುದು ವಾಡಿಕೆಯಾಗಬೇಕು.